ಸಂಜೆ ಆರರ ಸಬ್ ಠೀಕ್

ಬೈಯಪ್ಪನಹಳ್ಳಿ
11 ಫೆಬ್ರುವರಿ 2024

ಮುನೀಂದ್ರ ಅಣ್ಣಾರಿಗೆ ರೇವತಿಯ ನಮಸ್ಕಾರಗಳು.

ನಾ ಕಿರಣಕುಮಾರನ ಅಕ್ಕ. ನೀವು ನನ್ನ ನೋಡಿಲ್ಲ, ನಾವು ನಿಮ್ಮನ್ನ ಫೋಟೋದಾಗ ನೋಡೀವಿ. ಹಿಮದಾಗ ಕಿರಣನ ಹೆಗಲ ಮ್ಯಾಲ ಕೈ ಹಾಕಿ ನಿಂತೀರಿ, ಮೂಗೊಂದಾ ಕಾಣ್ತದ. ಮ್ಯಾಲ ಮಿಲಿಟರಿ ಪೋಸ್ಟಿಗೆ ಫೋನ್ ಹತ್ತಂಗಿಲ್ಲ ಅಂತ ಗೊತ್ತದ. ಅದಕ್ಕ ಅವನ ಡೈರಿಯೊಳಗಿನ ವಿಳಾಸಕ್ಕ ಈ ಕಾಗದ ಹಾಕ್ಲಿಕತ್ತೀನಿ. ನನ್ನ ಬರಹದಾಗ ತಪ್ಪಿದ್ರ ನಗಬ್ಯಾಡ್ರಿ. ಪಿಯುಸಿ ಆದಮ್ಯಾಲ ಕಾಗದ ಅಂತ ಬರದದ್ದಾ ಇದು ಮೊದಲು.

ಕಿರಣನ್ನ ಹೋದ ವಾರ ಬೆಂಗಳೂರಿಗೆ ಕರ್ಕೊಂಡು ಬಂದ್ರು. ನಾನು, ಅವ್ವ ದಿನಾ ಮೆಟ್ರೋ ಹತ್ತಿ ಹಲಸೂರಿಗೆ ಇಳಿದು, ಅಲ್ಲಿಂದ ಆಟೋದಾಗ ಮಿಲಿಟರಿ ಆಸ್ಪತ್ರೆಗೆ ಹೋಗಿ ಬರ್ತೀವಿ. ಜೀವಕ್ಕ ಏನೂ ಭಯ ಇಲ್ಲ ಅಂದ್ರು. ಎದಿಯಾಗ ನೀರು ತುಂಬಿತ್ತಂತ, ತಲಿಯೊಳಗ ಬಾವು ಬಂದಿತ್ತಂತ. ಎಡಗಾಲಿನ ಎರಡು ಬೆರಳು ತಗದಾರ. ಮಾತು ನಿಧಾನ ಆಗ್ಯದ. ಚಮಚಾ ಹಿಡದ್ರ ಕೈ ನಡಗತದ. ಆ ಎರಡು ದಿನದ್ದು ಅವನಿಗೆ ಏನೂ ನೆನಪಿಲ್ಲ.

ನೀವಾ ಅವನ್ನ ಬೆನ್ನ ಮ್ಯಾಲ ಹೊತ್ಕೊಂಡು ನಾಕು ತಾಸು ಹಿಮದಾಗ ಇಳಿದ್ರಿ ಅಂತ ಅವನ ಜೋಡಿ ಬಂದವರು ಹೇಳಿದ್ರು. ಅವ್ವ ದೇವರ ಮುಂದ ದೀಪ ಹಚ್ಚುಮುಂದ ನಿಮ್ಮ ಹೆಸರೂ ಹೇಳ್ತಾಳ. ನಮ್ಮಪ್ಪ ಬಸಣ್ಣ ಇದ್ದಿದ್ರ ತಾನಾ ನಿಮ್ಮ ಮನಿಗೆ ಬಂದು ಕೈ ಮುಗೀತಿದ್ದ. ನಾ ಕೆಲಸ ಮಾಡೋದು ನಿಮ್ಮ ದೊಡ್ಡನೆಕ್ಕುಂದಿಯೊಳಗಾ, ಪ್ಯಾಕಿಂಗ್ ಸೆಕ್ಷನ್‌ದಾಗ. ನಿಮ್ಮ ಮನಿಯವರಿಗೆ ಏನಾರ ಬೇಕಿದ್ರ ಹೇಳ್ರಿ.

ಒಂದು ಮಾತು ಕೇಳಬೇಕಿತ್ತು. ಅಷ್ಟು ಬ್ಯಾನಿ ಆದಾಗ ಅವ ಯಾಕ ಯಾರಿಗೂ ಹೇಳಲಿಲ್ಲ? ಹಿಂದಿನ ಸಂಜಿಗೇ ಹೇಳಿದ್ರ ಇಷ್ಟು ಆಗ್ತಿದ್ದಿಲ್ಲ ಅಂತ ಡಾಕ್ಟರ್ ಅಂದ್ರು. ಅವನ್ನ ಕೇಳಿದ್ರ ಸುಮ್ಮನ ನಮ್ಮ ಮಾರಿ ನೋಡ್ತಾನ. ನಿಮಗ ಗೊತ್ತಿದ್ರ ಬರೀರಿ.

ನಿಮ್ಮ ತಂಗಿ,
ರೇವತಿ


ಮೇಲಿನ ಪೋಸ್ಟ್
25 ಫೆಬ್ರುವರಿ 2024

ರೇವತಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಹೆಲಿಕಾಪ್ಟರಲ್ಲಿ ಆಲೂಗಡ್ಡೆ ಮೂಟೆ ಜೊತೆ ಬಂತು. ಬೆಂಗಳೂರಿನ ಸೀಲ್ ನೋಡಿ ಮೊದ್ಲು ನಮ್ಮನೆಯವಳು ಶ್ವೇತ ಬರೆದಿದ್ದಾಳೆ ಅನ್ಕೊಂಡೆ. ಅವಳು ನನ್ನ ಮೇಲೆ ಮುನಿಸ್ಕೊಂಡು ಮೂರು ವಾರ ಆಯ್ತು. ಆಮೇಲೆ ಕಿರಣನ ಹೆಸರು ಕಂಡೆ. ಬದುಕಿದ್ದಾನೆ ಅಂತ ಓದೋವರೆಗೂ ಉಸಿರು ಹಿಡ್ಕೊಂಡಿದ್ದೆ. ಇಲ್ಲಿ ಉಸಿರು ಹಿಡ್ಕೊಳ್ಳೋದು ಎಷ್ಟು ಕಷ್ಟ ಅಂತ ಅವನನ್ನೇ ಕೇಳಿ.

ಬೆನ್ನ ಮೇಲೆ ಹೊತ್ತೆ ಅಂತೆಲ್ಲ ಅಮ್ಮಂಗೆ ಹೇಳ್ಬೇಡಿ. ಅರ್ಧ ದಾರಿ ಸ್ಲೆಡ್ಜಲ್ಲಿ ಎಳೆದ್ವಿ. ನಾನು, ಜೊತೆ ಸಿಪಾಯಿ ಹಬೀಬ್, ನಮ್ಮ ಅಡುಗೆಯವನು, ಮೂರೂ ಜನ ಇದ್ವಿ. ದೀಪ ಹಚ್ಚೋವಾಗ ನನ್ನ ಹೆಸರು ಹೇಳೋದಂತೂ ಬೇಡವೇ ಬೇಡ. ಅಂದಹಾಗೆ ನಿಮ್ಮ ತಾಯಿ ಹೆಸರು ಹುಸೇನಮ್ಮ ಅಂತ ಫಾರಂನಲ್ಲಿ ನೋಡಿ 'ನೀನು ಮುಸ್ಲಿಮ್ಮಾ ಮಗಾ' ಅಂತ ಕೇಳಿದ್ದೆ ಕಿರಣನ್ನ. ಮೊಹರಂ ದೇವರಿಗೆ ಹರಕೆ ಹೊತ್ತು ಹುಟ್ಟಿದ್ದಕ್ಕೆ ಆ ಹೆಸರು ಅಂದ. ನಿಮ್ಮ ಕಡೆಯ ಕನ್ನಡ, ನಿಮ್ಮ ಕಡೆಯ ಹೆಸರು, ಎರಡೂ ನಂಗೆ ಹೊಸದು. ಅವನು 'ಹೊಂಟೀನ್ರಿ' 'ಬರ್ತೀನ್ರಿ' ಅಂದ್ರೆ ಸಾಕು, ನಾನು ಅಣಕಿಸ್ತಿದ್ದೆ. ಅವನೂ ನನ್ನನ್ನ ಬಿಡ್ತಿರಲಿಲ್ಲ. 'ಅಣ್ಣಾ, ನೀವು ಬೆಂಗಳೂರು ಮಂದಿ ಅರ್ಧ ಮಾತು ನುಂಗ್ತೀರಿ' ಅಂತಿದ್ದ.

ಇಲ್ಲಿ ಹೇಗಿರುತ್ತೆ ಅಂತ ನಿಮಗೂ ಗೊತ್ತಿರ್ಲಿ. ನಮ್ಮೂರಲ್ಲಿ ಸಿಗೋ ಗಾಳೀಲಿ ಅರ್ಧ ಇದೆ ಇಲ್ಲಿ. ಬೂಟಿನ ಲೇಸ್ ಕಟ್ಟೋಕೆ ಬಗ್ಗಿದ್ರೆ ಮೂರು ಸಲ ಎದ್ದು ಉಸಿರು ತಗೋಬೇಕು. ಅನ್ನ ಕಂಡ್ರೆ ವಾಕರಿಕೆ. ನಿದ್ದೆ ಹತ್ತಿತು ಅನ್ನೋಷ್ಟರಲ್ಲಿ ಉಸಿರು ಕಟ್ಟಿ ಎದ್ದು ಕೂರ್ತೀವಿ. ಬಂದಾಗ ಎಪ್ಪತ್ತೆಂಟು ಕೇಜಿ ಇದ್ದೆ, ಈಗ ಪ್ಯಾಂಟಿಗೆ ಹಗ್ಗ ಬಿಗಿದಿದ್ದೀನಿ. ಮೈ ಕಥೆ ಹಾಗಿರ್ಲಿ, ತಲೆ ಕಥೆ ಕೇಳಿ. ಹೋದ ವಾರ ನನ್ನ ಮಗಳ ಹೆಸರು ಮರೆತೋಯ್ತು. ಮುಖ ಕಣ್ಮುಂದೆ ಇದೆ, ಹೆಸರು ಬರ್ತಿಲ್ಲ. ಅರ್ಧ ಗಂಟೆ ಬೆವೆತೋದೆ. ರಮ್ಯಶ್ರೀ. ಈಗ ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡಿದ್ದೀನಿ. ಹಬೀಬ್‌ಗೂ ಅಡುಗೆಯವನಿಗೂ ಒಂದು ಚಮಚಕ್ಕೆ ಜಗಳ ಆಗಿ ಕುತ್ತಿಗೆ ಪಟ್ಟಿ ಹಿಡ್ಕೊಂಡ್ರು. ಸಂಜೆ ಹೊತ್ತು ನಂಗೆ ನಮ್ಮಮ್ಮನ ಕುಕ್ಕರ್ ಸೀಟಿ ಕೇಳುತ್ತೆ. ಕೇಳಲ್ಲ ಅಂತ ಗೊತ್ತು, ಆದ್ರೂ ಕೇಳುತ್ತೆ. ಹೀಗೆ ಇರ್ತೀವಿ, ತಮಾಷೆ ಮಾಡ್ಕೊಂಡು.

ನೀವು ಕೇಳಿದ್ದಕ್ಕೆ ಉತ್ತರ. ಅವನು ಹೇಳಲಿಲ್ಲ, ರೇವತಿಯವರೇ. ಯಾರಿಗೂ ಹೇಳಲಿಲ್ಲ. ಸಂಜೆ ಆರಕ್ಕೆ ಕೆಳಗಿಂದ ರೇಡಿಯೋಲಿ ಕೇಳ್ತಾರೆ, ಎಲ್ಲರೂ ಹೇಗಿದ್ದೀರಿ ಅಂತ. ಸೀನಿಯರ್ ನಾನು, ಎಲ್ಲರನ್ನೂ ವಿಚಾರಿಸಿ 'ಸಬ್ ಠೀಕ್' ಅನ್ಬೇಕು. ಆವತ್ತೂ ಅಂದೆ. ಬೆಳಿಗ್ಗೆ ಚಹಾ ಕೊಡೋಕೆ ಹೋದ್ರೆ ಅವನು ಬಡಬಡಿಸ್ತಿದ್ದ, ಬಾಯಲ್ಲಿ ಗುಲಾಬಿ ನೊರೆ. ಹುಡುಗ್ರು ಹಾಗೇ. ಹೇಳಿದ್ರೆ ಕೆಳಗೆ ಕಳಿಸ್ತಾರೆ, ಹೇಡಿ ಅಂತಾರೆ ಅಂತ ಮುಚ್ಚಿಡ್ತಾರೆ. ಅವನ ಮೇಲೆ ಕೋಪ ಮಾಡ್ಕೋಬೇಡಿ.

ನಾನು ಚೆನ್ನಾಗಿದ್ದೀನಿ.

ಮುನೀಂದ್ರ


ಬೈಯಪ್ಪನಹಳ್ಳಿ
10 ಮಾರ್ಚ್ 2024

ಮುನೀಂದ್ರ ಅಣ್ಣಾರಿಗೆ,

ನಿಮ್ಮ ಕಾಗದ ಮುಟ್ಟಿತು. ನಿಮ್ಮ ಮಗಳ ಹೆಸರು ಓದಿ ಅವ್ವ ಕಣ್ಣಾಗ ನೀರು ತಗದಳು. ಕಿರಣಗೂ ಓದಿ ಹೇಳಿದೆ. ಚಮಚದ ಜಗಳಕ್ಕ ನಕ್ಕ. 'ಹೇಳಲಿಲ್ಲ' ಅಂತ ಬಂದಾಗ ಆ ಕಡೆ ಹೊಳ್ಳಿದ.

ಅವನ್ನ ನಾಕು ತಿಂಗಳ ಮನಿಗೆ ಕಳಿಸ್ಯಾರ. ನಮ್ಮದು ಮ್ಯಾಲಿನ ಒಂದಾ ರೂಮು. ಮೆಟ್ಟಲ ಹತ್ತಲಿಕ್ಕೆ ಅವನಿಗೆ ಹತ್ತು ನಿಮಿಷ ಬೇಕು. ಮ್ಯಾಲ ಬಂದು ಕುಂತ್ರ ದಿನಾ ಒಂದಾ ಕೆಲಸ. ಹಳೇ ಕ್ಯಾಲೆಂಡರ್ ಹಾಳಿ ಹಿಂದ ಆ ದಿನದ್ದು ಬರ್ಕೊಂಡು ನೆನಪು ಮಾಡ್ಕೋತಾನ. 'ಜನವರಿ 19. ಮುಂಜಾನಿ, ಚಹಾ. ಮಧ್ಯಾಹ್ನ, ಗುಡಸಲ ಮ್ಯಾಲಿನ ಹಿಮ ತಗದೆ. ಸಂಜಿ,' ಅಂತ ಬರದು ಅಲ್ಲಿಗೇ ನಿಂದರಸ್ತಾನ. ಮುಂದ ಬರೂದಿಲ್ಲ.

ಮೊನ್ನೆ ಆಸ್ಪತ್ರ್ಯಾಗ ಒಬ್ಬ ಸಾಹೇಬರು ಅವನ ಕಾಗದಪತ್ರ ಓದಿ ಹೇಳಿದ್ರು. ತನ್ನ ಬ್ಯಾನಿ ಸಿಪಾಯಿ ತಾನಾ ಮುಚ್ಚಿಟ್ಟಾನ ಅಂತ ಬರದದಂತ. ಮುಂದ ಬೋರ್ಡ್ ಕುಂತು ಅವನ ನೌಕರಿ ಬಗ್ಗೆ ತೀರ್ಮಾನ ಮಾಡುಮುಂದ ಅದನ್ನೂ ನೋಡ್ತಾರಂತ. ಕಿರಣ ಅಲ್ಲೇ ಇದ್ದ. ಹೊಳ್ಳಿ ಬರುಮುಂದ ಮೆಟ್ರೋದಾಗ ಕೇಳ್ತಾನ, 'ಅಕ್ಕಾ, ನನ್ನ ಸಲುವಾಗಿ ಮೂರು ಮಂದಿ ಆ ಗಾಳ್ಯಾಗ ಇಳದ್ರು. ಬಾಯಿ ಬಿಟ್ಟು ಹೇಳಿದ್ರ ಮುಗೀತಿತ್ತು. ನಾ ಅಂಥಾವ ಏನು?' ಮಂದಿ ಎಲ್ಲಾ ನೋಡ್ಲಿಕತ್ತಿದ್ರು.

ಅವ್ವಗ ನಾಕು ದಿನದಿಂದ ಆರಾಮಿಲ್ಲ. ಹಂಗಾ ಇಂದಿರಾನಗರದ ಎರಡು ಮನಿ ಕೆಲಸಕ್ಕ ಹೋಗಿ ಬರ್ತಾಳ. ಹೇಳಿದ್ರ ಕೇಳಂಗಿಲ್ಲ.

ನೀವು ಜೋಪಾನ.

ರೇವತಿ


ಮೇಲಿನ ಪೋಸ್ಟ್
22 ಮಾರ್ಚ್ 2024

ರೇವತಿಯವರಿಗೆ,

ನಮ್ಮ ಬದಲಿ ತಂಡ ಇನ್ನೂ ಬಂದಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದೆ. ಇನ್ನೊಂದು ಹದಿನೈದು ದಿನ ಇಲ್ಲೇ ಕೊಳೀಬೇಕು. ನಿನ್ನೆ ಹಬೀಬ್ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕ್ದ ಅಂತ ಮಗ್ ಎತ್ತಿ ಗೋಡೆಗೆ ಎಸೆದೆ. ಆಮೇಲೆ ನಾನೇ ಒರೆಸಿದೆ. ಅದು ಬಿಟ್ರೆ ಚೆನ್ನಾಗೇ ಇದ್ದೀನಿ.

ಕಿರಣಂಗೆ ಹೇಳಿ, ನಾನು ಹೇಳ್ದೆ ಅಂತ ಹೇಳಿ. ನಾಚಿಕೆ ಪಡೋಂಥದ್ದು ಏನೂ ಇಲ್ಲ. ನಾನೂ ಮೊದಲನೇ ವರ್ಷ ತಲೆನೋವು ಮುಚ್ಚಿಟ್ಟು ವಾಂತಿ ಮಾಡ್ಕೊಂಡಿದ್ದೆ. ನಂದು ಗ್ರಹಚಾರ ನೆಟ್ಟಗಿತ್ತು, ಅವಂದು ಇರಲಿಲ್ಲ, ಅಷ್ಟೇ. ಕಾಗದದಲ್ಲಿ ಹಾಗೆ ಬರೆಸಿದ್ದು ನಾನೇ. ವಿಚಾರಣೆಗೆ ಕರೆದು 'ಅವನು ಹುಷಾರಿಲ್ಲ ಅಂತ ನಿನಗೆ ಹೇಳಿದ್ನಾ' ಅಂತ ಕೇಳಿದ್ರು. 'ಇಲ್ಲ' ಅಂದೆ. ಪಾಪದ ಹುಡುಗ, ಅವನಿಗೆ ಒಳ್ಳೇದಾಗ್ಲಿ ಅಂತ ನಂಗೂ ಇದೆ. ಆದ್ರೆ ಸುಳ್ಳು ಹೇಳೋಕಾಗುತ್ತಾ, ನೀವೇ ಹೇಳಿ.

ಅಮ್ಮಂಗೆ ಆರಾಮಿಲ್ಲ ಅಂದ್ರಲ್ಲ. ಆ ಇಂದಿರಾನಗರದವರಿಗೆ ನೀವೇ ಫೋನ್ ಮಾಡಿ ಒಂದು ವಾರ ರಜಾ ತಗೊಳ್ಳಿ. ಕಾಲು ಚಾಚ್ಕೊಂಡು ಟೀವಿ ನೋಡ್ಲಿ. ದುಡಿಯೋರಿಗೆ ಆರಾಮ್ ಕೊಡದೇ ದುಡಿಸೋ ಜನ ನಮ್ಮ ಕಡೆ ಬಹಳ. ನಮ್ಮಜ್ಜಿ ಅಕ್ಕಯಮ್ಮನೂ ಹೀಗೇ, ಹೊಲ ಹೋಗಿ ಬಿಲ್ಡಿಂಗ್ ಬಂದು ಇಪ್ಪತ್ತು ವರ್ಷ ಆಯ್ತು, ಬೆಳಿಗ್ಗೆ ಐದಕ್ಕೆದ್ದು ಗುಡಿಸೋಕೆ ಅಂಗಳ ಹುಡುಕ್ತಾರೆ. ನಾನು ಹೇಳ್ದೆ ಅಂತ ಹೇಳಿ, ಕೆಲಸ ಬಿಟ್ಟು ಆರಾಮಾಗಿರ್ಲಿ.

ಮುನೀಂದ್ರ


ಬೈಯಪ್ಪನಹಳ್ಳಿ
4 ಏಪ್ರಿಲ್ 2024

ಮುನೀಂದ್ರ ಅಣ್ಣಾರಿಗೆ,

ನಿಮ್ಮ ಕಾಗದ ಓದಿ ಸಿಟ್ಟೂ ಬಂತು, ನಗೂನೂ ಬಂತು. ಅವ್ವ ಸಲಾಯಿನ್ ಹಚ್ಕೊಂಡು ಮಲಗಿದ್ಳು, ನೀವು ಟೀವಿ ನೋಡ್ಲಿ ಅಂತ ಬರದೀರಿ! ಅಣ್ಣಾರ, ನಮ್ಮ ಕಡೆ ಆರಾಮಿಲ್ಲ ಅಂದ್ರ ಬಿಡುವಿಲ್ಲ ಅಂತ ಅಲ್ರಿ. ಜಡ್ಡಾಗ್ಯದ ಅಂತ. ನೀವು ಹುಷಾರಿಲ್ಲ ಅಂತೀರಲ್ಲ, ಅದಾ. ಜ್ವರ ಬಂದ್ರೂ ಆರಾಮಿಲ್ಲ ಅಂತೀವಿ, ಸಾಯ್ಲಿಕ್ಕೆ ಬಿದ್ರೂ ಆರಾಮಿಲ್ಲ ಅಂತಾ ಅಂತೀವಿ. ಅವ್ವಗ ಟೈಫಾಯ್ಡ್ ಆಗಿತ್ತು. ಈಗ ಸುಧಾರಿಸ್ಯಾಳ.

ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ನಾ ಇಲ್ಲಿಗೆ ಬಂದ ಹೊಸದರಾಗ ಮೈ ಕೆಂಡ ಆಗಿತ್ತು. ಸೂಪರ್ವೈಜರ್ ಹತ್ರ ಹೋಗಿ 'ಆರಾಮಿಲ್ರಿ ಸರ್' ಅಂದೆ. 'ಇಲ್ಲಿ ಯಾರಿಗಮ್ಮಾ ಆರಾಮಿರೋದು, ನಡಿ, ಕೆಲಸ ನೋಡು' ಅಂದ. ಅವ ನನಗ ಬೈದಾನ ಅಂತ ನಾ ಅತ್ತೆ. ಒಂದು ವರ್ಷ ಆದಮ್ಯಾಲ ತಿಳೀತು ಅವನಿಗೆ ನಾ ಅಂದದ್ದಾ ತಿಳಿದಿಲ್ಲ ಅಂತ. ಆಮ್ಯಾಲ ಹುಷಾರಿಲ್ಲ ಅನ್ನೂದು ಕಲ್ತೆ. ಕಿರಣ ಕಲ್ತಿಲ್ಲ. ಅವ ಇಲ್ಲಿ ಇದ್ದದ್ದಾ ಒಂದು ವರ್ಷ, ಭರ್ತಿ ಆಗಿ ಹೋದ.

ಅವ ಈಗ ಉಣ್ಣೂದು ಕಮ್ಮಿ ಮಾಡ್ಯಾನ. ಯೂನಿಟ್‌ನ ಗೆಳ್ಯಾರು ಮಾತಾಡ್ಸಲಿಕ್ಕೆ ಬಂದ್ರ ಬಾತ್‌ರೂಮ್‌ನ್ಯಾಗ ಹೋಗಿ ಚಿಲಕ ಹಾಕ್ಕೊಂಡ. 'ಅವರ ಮಾರಿ ಹ್ಯಾಂಗ ನೋಡ್ಲಿ' ಅಂತಾನ. ನೀವು ನಾಚಿಕೆ ಪಡಬ್ಯಾಡ ಅಂದದ್ದು ಹೇಳಿದೆ. 'ಅಣ್ಣ ದೊಡ್ಡವ, ಅದಕ್ಕ ಹಂಗ ಅಂತಾನ' ಅಂದ.

ರೇವತಿ


ಬೈಯಪ್ಪನಹಳ್ಳಿ
26 ಏಪ್ರಿಲ್ 2024

ಮುನೀಂದ್ರ ಅಣ್ಣಾರಿಗೆ,

ಮೂರು ವಾರ ಆತು, ನಿಮ್ಮ ಕಾಗದ ಇಲ್ಲ. ನಾ ತಮಾಷೆ ಮಾಡಿದ್ದಕ್ಕ ಬ್ಯಾಸರಾತೇನು? ಹಂಗಿದ್ರ ತಪ್ಪಾತು. ಇಲ್ಲಾ ನಿಮಗೂ ಏನಾರ ಆಗ್ಯದೇನು? ಕಿರಣ ದಿನಾ ಕೇಳ್ತಾನ. ಎರಡು ಸಾಲು ಬರೀರಿ ಸಾಕು.

ರೇವತಿ


ಕೆಳಗಿನ ಕ್ಯಾಂಪ್
5 ಮೇ 2024

ರೇವತಿಯವರಿಗೆ,

ಕೆಳಗಿಳಿದು ಬಂದು ಮೂರು ವಾರ ಆಯ್ತು. ಇಲ್ಲಿ ಫೋನ್ ಸಿಗುತ್ತೆ. ನಿಮ್ಮ ನಂಬರ್ ಮೂರು ಸಲ ಒತ್ತಿ, ರಿಂಗ್ ಆಗೋಕ್ಮುಂಚೆ ಕಟ್ ಮಾಡ್ದೆ. ನಿಮ್ಮ ದನಿ ಕೇಳ್ಕೊಂಡು ಇದನ್ನ ಹೇಳೋ ಧೈರ್ಯ ನಂಗಿಲ್ಲ. ಕಾಗದಾನೂ ನಾಲ್ಕು ಹರಿದು ಐದನೇದು ಇದು.

ಕಿರಣ ಹೇಳಿದ್ದ.

ಜನವರಿ ಹತ್ತೊಂಬತ್ತು, ಸಂಜೆ ಆರಕ್ಕೆ ಸ್ವಲ್ಪ ಮುಂಚೆ. ಮೂರು ದಿನದಿಂದ ಹಿಮ ಸುರೀತಿತ್ತು. ಗುಡಿಸಲು ಹೂತೋಗುತ್ತೆ ಅಂತ ಎರಡೆರಡು ಗಂಟೆಗೆ ಎದ್ದು ಬಾಚ್ತಿದ್ವಿ. ರೇಡಿಯೋ ಬ್ಯಾಟರಿ ಚಳಿಗೆ ಸತ್ತಿತ್ತು, ಅದನ್ನ ಜಾಕೆಟ್ ಒಳಗೆ ಎದೆಗೆ ಇಟ್ಕೊಂಡು ಬಿಸಿ ಮಾಡ್ತಾ ಕೂತಿದ್ದೆ. ಕಿರಣ ನನ್ನ ಹಿಂದೆ ಬಾಗಿಲ ಹತ್ರ ಬೂಟು ಬಿಚ್ತಿದ್ದ. 'ಅಣ್ಣಾ, ಆರಾಮಿಲ್ಲ' ಅಂದ.

ನಾನು ತಿರುಗಿ ನೋಡ್ಲಿಲ್ಲ. 'ಇಲ್ಲಿ ಯಾರಿಗೋ ಮಗಾ ಆರಾಮಿರೋದು? ನಿಮ್ಮಪ್ಪನ ಮನೇನಾ ಇದು?' ಅಂದೆ. ನಿಮ್ಮ ಸೂಪರ್ವೈಸರ್ ಅಂದಿದ್ದೇ ಮಾತು. ಅವನು ಇನ್ನೊಂದ್ಸಲ ಅಂದ, 'ಭಾಳ ಆರಾಮಿಲ್ಲಣ್ಣಾ.' ನಂಗೆ ಉರಿದೋಯ್ತು. ಎಲ್ಲರೂ ಸಾಯ್ತಿದ್ದೀವಿ, ಇವನೊಬ್ಬನಿಗೆ ರೆಸ್ಟ್ ಬೇಕಾ ಅಂತ. 'ಬಾಯ್ಮುಚ್ಕೊಂಡು ಮಲಗೋ' ಅಂದೆ. ಅಷ್ಟರಲ್ಲಿ ರೇಡಿಯೋ ಸಿಕ್ತು. 'ಸಬ್ ಠೀಕ್' ಅಂದೆ. ಅವನು ಅಲ್ಲೇ, ಮೂರಡಿ ದೂರದಲ್ಲಿ ಕೂತಿದ್ದ, ನಾನಂದಿದ್ದು ಕೇಳಿಸ್ಕೊಂಡ.

ಅವನು ಗೊಣಗಿದ್ದು ನಂಗೆ ನೆನಪಿತ್ತು. ಅದು ಹೇಳಿದ್ದು ಅಂತ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ನಿಮ್ಮ ಏಪ್ರಿಲ್ ಕಾಗದ ಮೇಲಿದ್ದಾಗಲೇ ಬಂತು. 'ಸಾಯ್ಲಿಕ್ಕೆ ಬಿದ್ರೂ ಆರಾಮಿಲ್ಲ ಅಂತಾ ಅಂತೀವಿ' ಅಂತ ಓದಿ ಎದ್ದು ನಿಂತೆ. ಹಬೀಬ್ 'ಕ್ಯಾ ಹುವಾ' ಅಂದ. ಏನೂ ಇಲ್ಲ ಅಂದೆ.

ನಮಗೆ ಒಂದು ನಿಯಮ ಇದೆ. ಯಾರಾದ್ರೂ ಹುಷಾರಿಲ್ಲ ಅಂದ ತಕ್ಷಣ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸ್ಕೊಂಡು ಹತ್ತು ಹೆಜ್ಜೆ ನಡೆಸ್ಬೇಕು. ತೂರಾಡಿದ್ರೆ ತಲೆಯೊಳಗೆ ಬಾವು ಶುರುವಾಗಿದೆ ಅಂತ. ಕೂಡಲೇ ಆಕ್ಸಿಜನ್, ಸೂಜಿ, ಕೆಳಗೆ ಇಳಿಸೋದು. ಸಿಲಿಂಡರ್ ನನ್ನ ಮಂಚದ ಕೆಳಗೇ ಇತ್ತು. ಹತ್ತು ಹೆಜ್ಜೆ ಹಾಕಿಸೋಕೆ ಒಂದು ನಿಮಿಷ ಸಾಕು. ನಾನು ಅವನನ್ನ ಬೆಳಗಿನವರೆಗೂ ಹಾಗೇ ಬಿಟ್ಟೆ.

ಇಲ್ಲಿ ಡಾಕ್ಟರ್ ಹತ್ರ ಸುಮ್ಮನೆ ಕೇಳ್ದೆ, ಯಾರದ್ದೋ ವಿಷಯ ಅನ್ನೋ ಹಾಗೆ. ಆ ಎತ್ತರದಲ್ಲಿ ಎಲ್ಲರ ತಲೆಗೂ ಗಾಳಿ ಸಾಲಲ್ಲ, ಮರೆವು, ಸಿಡುಕು ಎಲ್ಲ ಅದರದ್ದೇ ಅಂದ್ರು. ಸ್ವಲ್ಪ ಸಮಾಧಾನ ಆಯ್ತು. ಆಮೇಲೆ ಆ ಸಮಾಧಾನದ ಮೇಲೇ ಅಸಹ್ಯ ಬಂತು. ಭಾಷೆ ಗೊತ್ತಾಗ್ಲಿಲ್ಲ, ಸರಿ. ತಲೆ ಓಡ್ಲಿಲ್ಲ, ಸರಿ. ತಿರುಗಿ ಅವನ ಮುಖ ನೋಡೋಕೆ ಎಷ್ಟು ಗಾಳಿ ಬೇಕಿತ್ತು? ನೋಡಿದ್ರೆ ಗೊತ್ತಾಗ್ತಿತ್ತು. ಹತ್ತು ವರ್ಷ ಸರ್ವಿಸ್ ಆಗಿದೆ ನಂಗೆ.

ಈಗ ನಾಚಿಕೆಗೆಟ್ಟ ವಿಷಯಾನೂ ಬರೀತೀನಿ. ನನ್ನ ಹೇಳಿಕೆ ತಿದ್ದಿದ್ರೆ ಕಿರಣನ ಕಾಗದ ಸರಿ ಹೋಗುತ್ತೆ, ನಂದು ಕೆಡುತ್ತೆ. ಹವಾಲ್ದಾರ್ ಬಡ್ತಿ ಲಿಸ್ಟಲ್ಲಿ ನನ್ನ ಹೆಸರಿದೆ. ಮೂರು ವಾರ ಅದನ್ನೇ ಯೋಚ್ನೆ ಮಾಡ್ದೆ. ನಿಮಗೊಬ್ಬರಿಗೇ ಹೇಳಿ ಸುಮ್ಮನಾದ್ರೆ ಹೇಗೆ ಅಂತಲೂ ಯೋಚ್ನೆ ಬಂತು. ಸಾಹೇಬರ ಹತ್ರ ಇನ್ನೂ ಹೋಗಿಲ್ಲ.

ನೀವು ಬೈದು ಬರೀರಿ.

ಮುನೀಂದ್ರ


ಬೈಯಪ್ಪನಹಳ್ಳಿ
15 ಮೇ 2024

ಮುನೀಂದ್ರ ಅವರಿಗೆ,

ನಿಮ್ಮ ಕಾಗದ ಫ್ಯಾಕ್ಟರಿ ಗೇಟಿನ ಮುಂದ ನಿಂತು ಓದಿದೆ. ಆ ದಿನ ಡ್ಯೂಟಿಗೆ ಹೋಗಲಿಲ್ಲ. ನಿಮ್ಮ ಊರಿನ ಕೆರಿ ದಂಡಿಗೆ ಮಧ್ಯಾಹ್ನದ ತನಕ ಕುಂತಿದ್ದೆ.

ಕಿರಣಗ ಓದಿ ಹೇಳಿದೆ. 'ಕಿರಣ ಹೇಳಿದ್ದ' ಅಂತ ಬಂದ ಕೂಡ್ಲೇ ನನ್ನ ಕೈ ಹಿಡದು ನಿಂದರಸಿದ. 'ಇನ್ನೊಮ್ಮೆ ಓದು' ಅಂದ. ಓದಿದೆ. 'ಹಂಗಾರ ನಾ ಹೇಳಿದ್ದೆ. ಅಲ್ಲಾ ಅಕ್ಕಾ? ನಾ ಹೇಳಿದ್ದೆ' ಅಂದ. ಸಣ್ಣ ಹುಡುಗನ ಗತೆ ಜೋರಾಗಿ ಅಳ್ಳಿಕತ್ತಿದ. ಅವ್ವ ಅಂಗಡಿಗೆ ಹೋಗಿದ್ಳು, ಪುಣ್ಯಾ. ಅತ್ತು ಮುಗಿದ ಮ್ಯಾಲ ಕ್ಯಾಲೆಂಡರ್ ಹಾಳಿ ತಗೊಂಡು, 'ಸಂಜಿ' ಅಂತ ಬಿಟ್ಟಿದ್ನಲ್ಲ, ಅದರ ಮುಂದ 'ಹೇಳಿದೆ' ಅಂತ ಬರದ. ನಡಗೂ ಕೈಯಿಂದ ದೊಡ್ಡದಾಗಿ ಬರದಾನ. ಆಮ್ಯಾಲ 'ಅಣ್ಣಗ ಬೈಬ್ಯಾಡಕ್ಕಾ, ಅಲ್ಲಿ ಹಂಗಾ ಇರ್ತದ' ಅಂದ.

ಅವ ಅನ್ನಲಿ. ನಾ ಅನ್ನಂಗಿಲ್ಲ. ನಿಮಗ ನಾ ಅಣ್ಣಾ ಅಂತ ಕರದೆ, ನಮ್ಮವ್ವ ನಿಮ್ಮ ಹೆಸರಲೆ ದೀಪ ಹಚ್ಚಿದಳು. ಅವ ನಿಮ್ಮನ್ನಾ ನಂಬಿ ಹೇಳಿದ್ದ, ಎರಡು ಸಲ ಹೇಳಿದ್ದ. ಬಾಯಿ ಮುಚ್ಚು ಅಂದ್ರಿ. ಅವ ಇನ್ನೂ ತನಕ ಮುಚ್ಚಿಕೊಂಡಾ ಇದ್ದ.

ನಾನೂ ನಿಮಗ ಒಂದು ಬರದಿರಲಿಲ್ಲ. ಮಾರ್ಚ್‌ದಾಗ ಒಂದು ದಿನ ಅವನ ಭುಜ ಹಿಡದು 'ನಿನಗ ಬಾಯಿ ಇರಲಿಲ್ಲೇನು' ಅಂತ ಅಲುಗಾಡಿಸಿದೆ. ಬೆರಳಿಲ್ಲದ ಕಾಲು, ಜೋಲಿ ಹೋಗಿ ಬಿದ್ದ. ಗೋಡೆಗೆ ಹಣಿ ಬಡದು ರಕ್ತ ಬಂತು. ತಾನಾ ಎದ್ದು ಒರಿಸ್ಕೊಂಡ. ಅವ್ವ ಅಂತೂ ದಿನಾ ಮುಂಜಾನಿ ಎದ್ದ ಕೂಡ್ಲೇ ಅದಾ ರಾಗ. ಹೇಳಿದವನ್ನ ಹೇಳಲಿಲ್ಲ ಅಂತ ನಾವು ಕೊಂದೀವಿ. ಇದು ಯಾರ ಕಾಗದದಾಗ ಬರಸೂದು?

ಬೈದು ಬರಿ ಅಂದೀರಿ. ಬೈಯೂದು ನನಗ ಬ್ಯಾಡ. ಸಾಹೇಬರ ಹತ್ರ ಹೋಗ್ರಿ. ಮತ್ತ ಅವ್ವಗ ಓದಲಿಕ್ಕೆ ಬರಂಗಿಲ್ಲ, ನಾ ಓದಿ ಹೇಳಂಗಿಲ್ಲ. ನೀವಾ ಬಂದು ಆಕಿ ಮುಂದ ನಿಮ್ಮ ಬಾಯಿಲೆ ಹೇಳ್ರಿ, ಆಕಿ ಮಗ ಹೇಳಿದ್ದ ಅಂತ. ಆಮ್ಯಾಲ ಆಕಿ ಏನಂದ್ರೂ ಕೇಳ್ಕೋಬೇಕು.

ರೇವತಿ


ಕೆಳಗಿನ ಕ್ಯಾಂಪ್
29 ಮೇ 2024

ರೇವತಿಯವರಿಗೆ,

ಹೋಗಿದ್ದೆ. ಸಾಹೇಬರು ಪೂರ್ತಿ ಕೇಳಿ, 'ಅವನು ಏನಂದ, ಅದೇ ಮಾತು ಹೇಳು' ಅಂದ್ರು. ಹೇಳ್ದೆ. ಕ್ಲರ್ಕ್ ಅದನ್ನ ಹಿಂದೀಲಿ 'ಆರಾಮ್ ನಹೀ ಹೈ' ಅಂತ ಬರ್ಕೊಂಡ. ಹೀಗೆ ಬರೆದ್ರೆ ಮತ್ತೆ ಅದೇ ಎಡವಟ್ಟು ಅಂತ ಅವನ ಪೆನ್ನು ಹಿಡ್ಕೊಂಡೆ. 'ಬೀಮಾರ್ ಹೂಂ', ಅಂದ್ರೆ ಹುಷಾರಿಲ್ಲ, ಅಂತ ಬರೆಸೋವರೆಗೂ ಸಹಿ ಮಾಡ್ಲಿಲ್ಲ. ಕಿರಣನ ಕಾಗದದಲ್ಲಿ 'ಮುಚ್ಚಿಟ್ಟ' ಅನ್ನೋ ಸಾಲು ಹೋಗಿದೆ. 'ಜನವರಿ 19ರ ಸಂಜೆ ತನ್ನ ಹಿರಿಯನಿಗೆ ಎರಡು ಸಲ ತಿಳಿಸಿದ್ದ' ಅಂತ ಬಂದಿದೆ. ಬೋರ್ಡ್‌ಗೆ ಇದೇ ಹೋಗುತ್ತೆ. ಪ್ರತಿ ಜೊತೆಗಿಟ್ಟಿದ್ದೀನಿ.

ನನ್ನ ಹೆಸರು ಲಿಸ್ಟಿಂದ ತೆಗೆದಿದ್ದಾರೆ. ನನ್ನ ಮೇಲೂ ವಿಚಾರಣೆ ಆಗುತ್ತೆ. ಮನೇಲಿ ಇನ್ನೂ ಹೇಳಿಲ್ಲ.

ಜೂನ್ ಐದಕ್ಕೆ ರಜಾ. ಒಂಬತ್ತನೇ ತಾರೀಕು ಭಾನುವಾರ ಮಧ್ಯಾಹ್ನ ಬರ್ತೀನಿ. ಅಮ್ಮಂಗೆ ಮೊದ್ಲೇ ಏನೂ ಹೇಳ್ಬೇಡಿ. ಕಿರಣ ರೂಮಲ್ಲಿ ಇರೋದು ಬಿಡೋದು ಅವನಿಷ್ಟ.

ಮುನೀಂದ್ರ


ಬೈಯಪ್ಪನಹಳ್ಳಿ
10 ಜೂನ್ 2024, ಸೋಮವಾರ

ಮುನೀಂದ್ರ ಅವರಿಗೆ,

ನಿನ್ನೆಯಿಂದ ಹನ್ನೊಂದು ಸಲ ಫೋನ್ ಹಚ್ಚೀನಿ, ಎತ್ತವಲ್ರಿ. ಡ್ಯೂಟಿಗೆ ಹೋಗುಮುಂದ ಈ ಚೀಟಿ ನಿಮ್ಮ ಮನ್ಯಾಗ ಕೊಟ್ಟು ಹೋಗ್ತೀನಿ. ಇದನ್ನಾದರೂ ಪೂರ್ತಿ ಓದ್ರಿ.

ನಿನ್ನೆ ನೀವು ಬಾಗಲ ಹತ್ರಾನಾ ಕುಂತ್ರಿ. ಕುರ್ಚಿ ಕೊಟ್ರೂ ಮುಟ್ಟಲಿಲ್ಲ. ಹೇಳೂದು ಹೇಳಿದ್ರಿ, ಒಂದೂ ಮುಚ್ಚಲಿಲ್ಲ, ಅದು ಖರೆ. ಅವ್ವ ಅಳಕೋತ ಒಂದಾ ಸವನ ಮಾತಾಡಿದ್ಳು. ನೀವು ತಲಿ ಬಗ್ಗಿಸಿ ಎಲ್ಲದಕ್ಕೂ ಹೂಂ ಹೂಂ ಅಂದ್ರಿ. ನಿಮಗ ಒಂದೂ ತಿಳೀಲಿಲ್ಲ ಅಂತ ನನಗ ಗೊತ್ತದ. ಆಕಿ ನಿಮಗ ಶಾಪ ಹಾಕ್ಲಿಕತ್ತಾಳ ಅಂತ ತಿಳ್ಕೊಂಡ್ರಿ. ಆಕಿ 'ಏಳು' ಅಂದ್ಳು. ನೀವು ಎದ್ರಿ, ಬೂಟು ಕೈಯಾಗ ಹಿಡ್ಕೊಂಡಾ ಹೊಂಟ್ರಿ. ನಾ ಕೂಗಿದೆ. ಕಿರಣ ಗೋಡಿ ಹಿಡ್ಕೊಂಡು ಮೂರು ಮೆಟ್ಟಲ ಇಳಿದ. ನೀವು ಹೊಳ್ಳಿ ನೋಡಲಿಲ್ಲ.

ಆಕಿ ಅಂದದ್ದು 'ಏಳು, ಕೈ ತೊಳಿ' ಅಂತ. ಮುಂಜಾನಿಂದ ರೊಟ್ಟಿ ಬಡದಿದ್ಳು. ತಾಟು ಹಚ್ಚಿ ಇಟ್ಟಿದ್ಳು, ನಿಮ್ಮ ಬೆನ್ನಿಗೇ ಇತ್ತು.

ಅದಕ್ಕ ಮೊದಲ ಆಕಿ ಏನಂದ್ಳು ಅನ್ನೂದನ್ನ ನಿಮಗ ತಿಳಿಯೂ ಕನ್ನಡದಾಗ ಬರೀತೀನಿ. 'ನೀನು ಒಂದು ಸಂಜೆ ನನ್ನ ಮಗನ ಮಾತು ಕೇಳಲಿಲ್ಲ. ನಾನು ಹೆತ್ತವಳು, ನಾಲ್ಕು ತಿಂಗಳು ದಿನಾ ಬೈದೆ. ನಿನಗೆ ಮಾತು ಅರ್ಥ ಆಗಲಿಲ್ಲ. ನನಗೇನಾಗಿತ್ತು? ನಿನ್ನನ್ನ ಬೈಯೋದಾದರೆ ಮೊದಲು ನನ್ನ ಬಾಯಿಗೆ ಮಣ್ಣು ಹಾಕಿಕೋಬೇಕು.' ಇಷ್ಟು ಅಂದ್ಳು. ಹೆಚ್ಚೂ ಬರದಿಲ್ಲ, ಕಮ್ಮೀನೂ ಬರದಿಲ್ಲ.

ಕ್ಷಮಾ ಮಾಡ್ಯಾಳ ಅಂತ ತಿಳ್ಕೋಬ್ಯಾಡ್ರಿ. ಆ ಮಾತು ಆಕಿ ಆಡಿಲ್ಲ. ನಾನೂ ಆಡಿಲ್ಲ, ಆಡ್ತೀನೋ ಇಲ್ಲೋ ಗೊತ್ತಿಲ್ಲ. ಊಟಕ್ಕ ಏಳು ಅಂದಾಳ, ಅಷ್ಟಾ. ನೀವು ಹೋದಮ್ಯಾಲ ಆ ತಾಟಿಗೆ ಮುಚ್ಚಳ ಹಾಕಿ ಸಂಜಿ ತನಕ ಇಟ್ಟಿದ್ಳು. ಆಮ್ಯಾಲ ಕಿರಣ ಅದನ್ನ ತಾನಾ ಉಂಡ.

ಬುಧವಾರ ನನಗ ಸೆಕೆಂಡ್ ಶಿಫ್ಟ್ ಅದ. ಹನ್ನೆರಡಕ್ಕ ಬರ್ರಿ. ಈ ಸಲ ಆಕಿ ಮಾತು ಮುಗಿಯೂ ತನಕ ಕುಂದರ್ರಿ.

ರೇವತಿ